ಶಾಲೆ ಅಂಗಳದಲ್ಲಿ ಗಿಡ ಬೆಳೆಸೋರಿಗೆ: ಪದೇ ಪದೇ ಕೇಳೋ ಪ್ರಶ್ನೆಗಳು

ಸರ್ಕಾರಿ ಶಾಲೆಗಳಲ್ಲಿ ಗಿಡ ಹಾಕೋಕೆ ಹೊರಟ ಹುಡುಗ್ರು, ಮೇಷ್ಟ್ರುಗಳು, ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರು) ಫೋನಲ್ಲಿ, ವಾಟ್ಸಾಪಲ್ಲಿ, ಎದುರು ಸಿಕ್ಕಾಗೆಲ್ಲ ಕೇಳೋ ಪ್ರಶ್ನೆಗಳನ್ನ ಒಂದ್ಕಡೆ ಸೇರ್ಸಿದೀನಿ. ತುಮಕೂರು, ಮಾಗಡಿ ಕಡೆಯ ಬಯಲುಸೀಮೆ ಶಾಲೆಗಳನ್ನ ಮನಸ್ಸಲ್ಲಿ ಇಟ್ಕೊಂಡು ಬರ್ದಿರೋದು, ಮಲೆನಾಡು ಕರಾವಳಿಯವರು ನೀರಿನ ಲೆಕ್ಕಾನ ತಮ್ಮೂರಿಗೆ ತಕ್ಕಂಗೆ ಬದಲಾಯಿಸ್ಕೊಳ್ಳಿ.

## ಶುರು ಮಾಡೋ ಮುಂಚೆ

ನಾವು ನಾಲ್ಕೈದು ಜನ ಫ್ರೆಂಡ್ಸ್ ಸೇರಿ ನಾವು ಓದಿದ ಶಾಲೇಲಿ ಗಿಡ ನೆಡೋಣ ಅನ್ಕೊಂಡಿದೀವಿ, ಎಲ್ಲಿಂದ ಶುರು ಮಾಡೋದು?

ಗುದ್ದಲಿ ತಗೊಳೋ ಮುಂಚೆ ಒಂದು ದಿನ ಪೂರ್ತಿ ಶಾಲೇಲಿ ಸುಮ್ನೆ ಕೂತ್ಕೊಳ್ಳಿ. ಪ್ರಾರ್ಥನೆಗೆ ಮಕ್ಕಳು ಎಲ್ಲಿ ನಿಲ್ತಾರೆ, ಖೋಖೋ ಕೋರ್ಟು ಎಲ್ಲಿದೆ, ಊಟ ಆದ್ಮೇಲೆ ಯಾವ ಗೋಡೆ ನೆರಳಿಗೆ ಸೇರ್ಕೋತಾರೆ, ಕೈ ತೊಳೆದ ನೀರು ಎಲ್ಲಿಗೆ ಹರಿದು ಹೋಗತ್ತೆ, ಮೇಕೆ ಯಾವ ಸಂದಿಯಿಂದ ನುಗ್ಗತ್ತೆ, ಕರೆಂಟ್ ಲೈನ್ ಯಾವ ಕಡೆ ಹಾದಿದೆ, ಇಷ್ಟನ್ನ ಒಂದು ಹಾಳೆ ಮೇಲೆ ಬರ್ಕೊಂಡ್ರೆ ಗಿಡ ಎಲ್ಲಿ ಬೇಕು ಎಲ್ಲಿ ಬೇಡ ಅನ್ನೋದು ಅರ್ಧ ಗೊತ್ತಾಗೋಗತ್ತೆ. ಆಟದ ಜಾಗಕ್ಕೆ ಮಾತ್ರ ಕೈ ಹಾಕ್ಬೇಡಿ. ಮಕ್ಕಳು ಓಡಾಡೋ ಮೈದಾನದ ಮಧ್ಯೆ ಗಿಡ ನೆಟ್ರೆ ಗಿಡಾನೂ ಉಳಿಯಲ್ಲ, ಮಕ್ಕಳಿಗೆ ಆಟಾನೂ ಇರಲ್ಲ, ಅದು ಹಸಿರು ಮಾಡೋದಲ್ಲ, ಮಕ್ಕಳ ಜಾಗ ಕಿತ್ಕೊಳೋದು.

ಪರ್ಮಿಷನ್ ಯಾರ ಹತ್ರ ತಗೋಬೇಕು? ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೂ ಅಲೀಬೇಕಾ?

ಹೆಡ್‌ಮಾಸ್ಟರು ಒಪ್ಪಿ, ಎಸ್‌ಡಿಎಂಸಿ ಸಭೇಲಿ ವಿಷಯ ಇಟ್ಟು, ನಡಾವಳಿ ಪುಸ್ತಕದಲ್ಲಿ ಬರ್ಸಿ ಸಹಿ ಹಾಕ್ಸಿದ್ರೆ ಗಿಡ ನೆಡೋ ಮಟ್ಟಿಗೆ ಸಾಕಾಗತ್ತೆ, ಬಿಇಒ ಆಫೀಸಿಗೆ ಒಂದು ಮಾಹಿತಿ ಪತ್ರ ಹೆಡ್‌ಮಾಸ್ಟರ ಕೈಲೇ ಕಳಿಸ್ಬಿಡಿ. ಬಾಯಿ ಮಾತಲ್ಲಿ ಮುಗಿಸ್ಬೇಡಿ, ಮುಂದೆ ಯಾರಾದ್ರೂ ‘ಇದನ್ನ ಯಾರು ಹಾಕಿದ್ದು, ಕಿತ್ತಾಕಿ’ ಅಂದಾಗ ಆ ನಡಾವಳಿನೇ ನಿಮ್ಮ ಪರವಾಗಿ ಮಾತಾಡೋದು. ಇನ್ನೊಂದು, ಎಷ್ಟೋ ಶಾಲೆಗಳ ಗಡಿ ಪಕ್ಕದ ಜಮೀನಿನವರ ಜೊತೆ ತಕರಾರಲ್ಲಿ ಇರತ್ತೆ. ಅಂಥ ಕಡೆ ಸರ್ವೆ ಆಗೋ ತನಕ ಗಡಿ ಸಾಲಿಗೆ ಹೋಗ್ಬೇಡಿ, ಗಡಿಯಿಂದ ಹತ್ತಡಿ ಒಳಗೆ ನೆಡಿ.

ನಮ್ದು 200 ಗಿಡದ ಟಾರ್ಗೆಟ್ ಸಾರ್, ಒಂದೇ ದಿನ ನೆಟ್ಟುಬಿಡಬಹುದಾ?

ನೆಡಬಹುದು, ಮೇ ತಿಂಗಳಲ್ಲಿ ಎಷ್ಟು ಉಳಿಯತ್ತೆ ಅನ್ನೋದೇ ಪ್ರಶ್ನೆ. ಗಿಡದ ಸಂಖ್ಯೆನ ಜೂನ್ ಉತ್ಸಾಹದಲ್ಲಿ ಅಲ್ಲ, ಬೇಸಿಗೆ ನೀರು ಲೆಕ್ಕ ಹಾಕಿ ಹೇಳ್ಬೇಕು. ಹೊಸ ಗಿಡಕ್ಕೆ ಮೊದಲ ಬೇಸಿಗೇಲಿ ವಾರಕ್ಕೆ ಎರಡು ಸಲ ಹತ್ತತ್ತು ಲೀಟರ್ ಅಂತ ಇಟ್ಕೊಳ್ಳಿ, ಅಲ್ಲಿಗೆ ವಾರಕ್ಕೆ 20 ಲೀಟರ್. 200 ಗಿಡಕ್ಕೆ ವಾರಕ್ಕೆ 4000 ಲೀಟರ್ ಆಯ್ತು, ಫೆಬ್ರವರಿಯಿಂದ ಮೇ ಕೊನೆ ತನಕ 16 ವಾರ ಹಿಡಿದ್ರೆ 64,000 ಲೀಟರ್. ಅಷ್ಟು ನೀರು ಎಲ್ಲಿಂದ ಬರತ್ತೆ, ಯಾರು ಹೊತ್ತು ಹಾಕ್ತಾರೆ? ಅದೇ 25 ಗಿಡ ಆದ್ರೆ ವಾರಕ್ಕೆ 500 ಲೀಟರ್, ಅಂದ್ರೆ 50 ಬಕೆಟ್, ಇದನ್ನ ಮೂರು ಜನ ಎರಡು ಸಂಜೇಲಿ ಮಾಡಿ ಮುಗಿಸ್ತಾರೆ.

ಸಾಲುಮರದ ತಿಮ್ಮಕ್ಕನವರು ಮತ್ತೆ ಅವರ ಯಜಮಾನ್ರು ಚಿಕ್ಕಯ್ಯನವರು ಹುಲಿಕಲ್ ಕುದೂರು ರಸ್ತೆಯಲ್ಲಿ ಮೊದಲ ವರ್ಷ ಹಾಕಿದ್ದು ಬರೀ 10 ಆಲದ ಸಸಿ, ಎರಡನೇ ವರ್ಷ 15, ಮೂರನೇ ವರ್ಷ 20. ನೀರು ಹೊತ್ಕೊಂಡು ಹೋಗಿ ಹಾಕೋರು, ದನ ತಿನ್ನದಂಗೆ ಸುತ್ತ ಮುಳ್ಳು ಕಟ್ಟೋರು. ಹಂಗೆ ವರ್ಷ ವರ್ಷ ಸೇರಿಸ್ತಾ ಹೋಗಿ 385 ಮರ ಆಯ್ತು. ಅವ್ರನ್ನ ಎಲ್ಲಾ ವನಮಹೋತ್ಸವದ ಭಾಷಣದಲ್ಲೂ ನೆನೀತೀವಿ, ಆ 10, 15, 20ರ ಲೆಕ್ಕಾನೂ ಸ್ವಲ್ಪ ಕಲಿಯೋಣ.

ಜೂನ್ 5ಕ್ಕೇ, ಪರಿಸರ ದಿನದಂದೇ ನೆಡ್ಬೇಕಾ?

ಬೇಕಂತಿಲ್ಲ. ನಮ್ಮ ಕಡೆ ಜೂನ್ ಮೊದಲ ವಾರದಲ್ಲಿ ಎರಡು ಮಳೆ ಬಂದು ಆಮೇಲೆ ಹದಿನೈದು ದಿನ ಕೈ ಕೊಡೋದು ಮಾಮೂಲು. ಜೂನ್ 5ಕ್ಕೆ ಗುಂಡಿ ತೆಗೆಯೋ ಕಾರ್ಯಕ್ರಮ ಇಟ್ಕೊಳ್ಳಿ, ಫೋಟೋನೂ ಆಗತ್ತೆ, ಗುಂಡಿ ಬಿಸಿಲು ಮಳೆ ಎರಡನ್ನೂ ಕುಡಿಯತ್ತೆ. ಗಿಡಾನ ಜುಲೈ, ಆಗಸ್ಟಲ್ಲಿ ಮಣ್ಣು ಒಂದಡಿ ಒಳಗೂ ಹಸಿ ಇದ್ದಾಗ ನೆಡಿ.

## ಗಿಡ ಮತ್ತೆ ಜಾಗ

ಶಾಲೆಗೆ ಯಾವ ಗಿಡ ಬೆಸ್ಟ್?

ಮಕ್ಕಳು ಕೂರೋ ನೆರಳಿಗೆ ಹೊಂಗೆ. ಬೇಸಿಗೆ ಹೊತ್ತಿಗೆ ಸರಿಯಾಗಿ ಹೊಸ ಎಲೆ ತುಂಬ್ಕೊಂಡು ತಂಪಾಗಿರತ್ತೆ, ದನ ಮೇಕೆ ಅಷ್ಟಾಗಿ ಬಾಯಿ ಹಾಕಲ್ಲ, ಒಂದ್ಸಲ ಬೇರು ಬಿಟ್ರೆ ಬರಕ್ಕೂ ಜಗ್ಗಲ್ಲ. ಬೇವು, ನೇರಳೆ, ಹುಣಸೆ, ಮಹಾಗನಿ ಅಂತ ಲಿಸ್ಟ್ ಕಳಿಸ್ತಾರೆ, ಅದರಲ್ಲಿ ಮೊದಲ ಮೂರು ಇಟ್ಕೊಳ್ಳಿ, ಮಹಾಗನಿ ನಾಟಾ ಬೆಳೆಯೋರಿಗೆ ಬಿಡಿ. ಹಣ್ಣಿಗೆ ಸೀಬೆ, ನೆಲ್ಲಿ, ಸೀತಾಫಲ, ಒಂದು ಹಲಸು. ಅಡುಗೆ ಮನೆ ಹಿಂದೆ ನುಗ್ಗೆ, ಕರಿಬೇವು, ನಿಂಬೆ, ಪರಂಗಿ. ಆಲ, ಅರಳಿ, ಅತ್ತಿ ಹಾಕೋ ಆಸೆ ಇದ್ರೆ ಕಟ್ಟಡ, ಸಂಪು, ಕಾಂಪೌಂಡಿಂದ ಕನಿಷ್ಠ 40 ಅಡಿ ದೂರ ಇರೋ ಮೂಲೆ ಹುಡುಕಿ, ಇಲ್ಲಾಂದ್ರೆ ಬೇಡ. ಉಳಿದ ಮರಗಳಿಗೂ ಗೋಡೆಯಿಂದ 15 ಅಡಿ ಬಿಡಿ, ಕರೆಂಟ್ ಲೈನ್ ಕೆಳಗೆ ಎತ್ತರ ಹೋಗೋ ಯಾವ್ದೂ ಬೇಡ, ಅಲ್ಲಿಗೆ ದಾಸವಾಳ ಹಾಕಿ.

ಹಾಕಲೇಬಾರದು ಅನ್ನೋ ಗಿಡ ಯಾವ್ದಾದ್ರೂ ಇದಾವಾ?

ಇದಾವೆ, ಇದನ್ನ ದಯವಿಟ್ಟು ಹಗುರವಾಗಿ ತಗೋಬೇಡಿ. ಕಣಗಿಲೆ ನೋಡೋಕೆ ಚೆಂದ, ನೀರೂ ಬೇಡ, ಮೇಕೇನೂ ಮುಟ್ಟಲ್ಲ ಅಂತ ಶಾಲೆ ಗೇಟಿನ ಪಕ್ಕ ಹಾಕ್ತಾರೆ, ಆದ್ರೆ ಅದರ ಎಲೆ ಹೂವು ಬೀಜ ಎಲ್ಲಾ ವಿಷ, ಹಳದಿ ಕಣಗಿಲೆನೂ ಅಷ್ಟೇ. ಹರಳು, ಬೇಲಿಗೆ ಹಾಕೋ ಕಾಡುಹರಳು, ದತ್ತೂರಿ, ಗುಲಗಂಜಿ ಇವೆಲ್ಲ ಚಿಕ್ಕ ಮಕ್ಕಳು ಓಡಾಡೋ ಕಡೆ ಇರಲೇಬಾರ್ದು. ಕಾಡುಹರಳಿನ ಬೀಜ ಬಾಯಿಗೆ ರುಚಿಯಾಗೇ ಇರತ್ತೆ, ಕಡಲೇಕಾಯಿ ತರ ತಿಂದು ಮಕ್ಕಳು ವಾಂತಿ ಭೇದಿ ಆಗಿ ಆಸ್ಪತ್ರೆ ಸೇರೋದು ಆಗಾಗ ನಡೀತಾನೇ ಇರತ್ತೆ. ಆವರಣದಲ್ಲಿ ಈಗಾಗ್ಲೇ ಇದ್ರೆ ಹೊಸ ಗಿಡ ನೆಡೋ ಮುಂಚೆ ಇದನ್ನ ತೆಗೆಸಿ.

ಕಾಂಗ್ರೆಸ್ ಗಿಡ ಹೂವಾಗೋ ಮುಂಚೆನೇ ದೊಡ್ಡವರು ಗ್ಲೌಸ್ ಹಾಕ್ಕೊಂಡು ಬೇರು ಸಮೇತ ಕೀಳ್ಬೇಕು, ಮಕ್ಕಳ ಕೈಲಿ ಕೀಳಿಸ್ಬೇಡಿ, ಚರ್ಮ ಕೆರೆತ, ಉಬ್ಬಸ ಬರತ್ತೆ. ನೀಲಗಿರಿ ಬೇಡ, 2017ರಲ್ಲೇ ಸರ್ಕಾರ ಹೊಸದಾಗಿ ಬೆಳೆಸೋದನ್ನ ನಿಷೇಧ ಮಾಡಿದೆ. ಗುಲ್‌ಮೊಹರ್ ಹೂವು ಎಲ್ಲರಿಗೂ ಇಷ್ಟಾನೇ, ಆದ್ರೆ ಗಾಳಿ ಮಳೆಗೆ ಕೊಂಬೆ ಮುರೀತಾವೆ, ಮಕ್ಕಳು ಕೂರೋ ಕಡೆ ಬೇಡ.

ಸಸಿ ಎಲ್ಲಿ ಸಿಗತ್ತೆ? ದುಡ್ಡು ಎಷ್ಟಾಗತ್ತೆ?

ಅರಣ್ಯ ಇಲಾಖೆ ನರ್ಸರಿಗಳಲ್ಲಿ ಮಳೆಗಾಲದಲ್ಲಿ ರಿಯಾಯಿತಿ ದರಕ್ಕೆ ಕೊಡ್ತಾರೆ, ಹೆಡ್‌ಮಾಸ್ಟರ ಲೆಟರ್ ತಗೊಂಡು ಏಪ್ರಿಲ್, ಮೇನಲ್ಲೇ ಹೋಗಿ ಹೇಳಿಡಿ, ಜುಲೈಗೆ ಹೋದ್ರೆ ಚೆನ್ನಾಗಿರೋದೆಲ್ಲ ಖಾಲಿ ಆಗಿರತ್ತೆ. ಹಣ್ಣಿನ ಕಸಿ ಗಿಡಕ್ಕೆ ತೋಟಗಾರಿಕೆ ಇಲಾಖೆ ಫಾರಂ. ತೀರಾ ಚಿಕ್ಕ ಬ್ಯಾಗಿನ ಸಸಿ ಶಾಲೆಗೆ ಆಗಲ್ಲ, ಮಕ್ಕಳ ಕಾಲಿಗೆ ಸಿಕ್ಕಿ ಹೋಗತ್ತೆ, ನಾಲ್ಕೈದಡಿ ಎತ್ತರ ಬಂದಿರೋ ದೊಡ್ಡ ಬ್ಯಾಗಿನದೇ ಕೇಳಿ. ಕೊಳ್ಳೋವಾಗ ಬ್ಯಾಗಿನ ತಳ ನೋಡಿ, ಬೇರು ಹೊರಗೆ ಬಂದು ಸುತ್ಕೊಂಡಿದ್ರೆ ಅದು ಬೇಡ. ಸಸಿಗಿಂತ ಜಾಸ್ತಿ ದುಡ್ಡು ಹೋಗೋದು ಬೇಲಿಗೆ, ಅದನ್ನ ಮೊದಲೇ ಎತ್ತಿಡಿ.

ಗುಂಡಿ ಎಷ್ಟು ಆಳ ತೆಗೀಬೇಕು, ಏನೇನು ಹಾಕ್ಬೇಕು?

ಎರಡಡಿ ಉದ್ದ, ಅಗಲ, ಆಳ. ಹಲಸು ಮಾವಿಗೆ ಮೂರಡಿ. ತೆಗೆಯೋವಾಗ ಮೇಲಿನ ಮಣ್ಣು ಒಂದ್ಕಡೆ, ಕೆಳಗಿನ ಮಣ್ಣು ಇನ್ನೊಂದ್ಕಡೆ ಹಾಕ್ಕೊಳ್ಳಿ, ಮುಚ್ಚೋವಾಗ ಮೇಲ್ಮಣ್ಣಿಗೆ ಎರಡು ಬಾಂಡ್ಲಿ ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ ಕಲಸಿ ಬೇರಿನ ಸುತ್ತ ಹಾಕಿ. ಹಸಿ ಸಗಣಿ ಹಾಕಿದ್ರೆ ಗೆದ್ದಲು ಕರೆದ ಹಂಗೆ. ಶಾಲೆ ಜಾಗದಲ್ಲಿ ಕಟ್ಟಡ ಕಟ್ಟಿದ ಜಲ್ಲಿ, ಸಿಮೆಂಟ್ ಚೂರು, ಹೆಂಚಿನ ಚೂರು ಸಿಕ್ಕೇ ಸಿಗತ್ತೆ, ಅದನ್ನೆಲ್ಲ ಆರಿಸಿ ತೆಗ್ದು ಬೇಕಾದ್ರೆ ಕೆರೆ ಗೋಡು ತಂದು ತುಂಬಿ. ಆಮೇಲೆ ಒಣ ಎಲೆ, ಹುಲ್ಲು ಮೂರಿಂಚು ಮುಚ್ಚಿಗೆ ಹಾಕಿ, ಕಾಂಡಕ್ಕೆ ತಾಗದಂಗೆ ನಾಲ್ಕು ಬೆರಳು ಬಿಟ್ಟು.

## ನೀರು, ಬೇಲಿ, ರಜೆ

ನಮ್ಮ ಶಾಲೇಲಿ ಕುಡಿಯೋಕೇ ನೀರಿಲ್ಲ, ಗಿಡಕ್ಕೆ ಎಲ್ಲಿಂದ ತರೋಣ?

ಕೈ ತೊಳೆಯೋ ನೀರು ನೋಡಿ. 100 ಮಕ್ಕಳು ಊಟದ ಹೊತ್ತಲ್ಲಿ ಕೈ, ತಟ್ಟೆ ತೊಳೆಯೋಕೆ ತಲಾ ಎರಡು ಲೀಟರ್ ಬಳಸಿದ್ರೂ ದಿನಕ್ಕೆ 200 ಲೀಟರ್, ಎಷ್ಟೋ ಶಾಲೇಲಿ ಅದು ನಲ್ಲಿ ಸಾಲಿನ ಕೆಳಗೆ ಕೆಸರಾಗಿ ಸೊಳ್ಳೆ ಸಾಕ್ತಿರತ್ತೆ. ನಲ್ಲಿ ಕಟ್ಟೆ ತುದೀಲಿ ಅನ್ನದಗಳು ತಡೆಯೋಕೆ ಒಂದು ಜಾಲರಿ, ಅಲ್ಲಿಂದ ಉದ್ದಕ್ಕೆ ಸೀಳಿದ ಪಿವಿಸಿ ಪೈಪು ಅಥವಾ ಇಟ್ಟಿಗೆ ಕಾಲುವೆ, ಜಲ್ಲಿ ತುಂಬಿದ ಒಂದು ಸಣ್ಣ ಗುಂಡಿ, ಗುಂಡಿ ಸುತ್ತ ಕಾಬಾಳೆ, ಕೆಸು, ಅದನ್ನ ದಾಟಿ ಬಂದ ನೀರಿಗೆ ಬಾಳೆ, ನುಗ್ಗೆ. ಸೋಪಿನ ನೀರನ್ನ ಸೊಪ್ಪಿನ ಮಡಿಗೆ ಮಾತ್ರ ಬಿಡ್ಬೇಡಿ.

ಎರಡನೇದು ಚಾವಣಿ. 1000 ಚದರಡಿ ಚಾವಣಿ ಮೇಲೆ 10 ಮಿಲಿಮೀಟರ್ ಮಳೆ ಬಿದ್ರೆ ಸುಮಾರು 900 ಲೀಟರ್, ವ್ಯರ್ಥ ಹೋದದ್ದು ಕಳೆದ್ರೂ 700 ಸಿಗತ್ತೆ. ಹಳ್ಳಿ ಶಾಲೆಗಳಲ್ಲಿ ಸುವರ್ಣ ಜಲ ಯೋಜನೇಲಿ ಕಟ್ಟಿದ ಮಳೆನೀರಿನ ತೊಟ್ಟಿ ಪೈಪ್ ಮುರ್ಕೊಂಡು ಸುಮ್ನೆ ನಿಂತಿರೋದು ಇರತ್ತೆ, ಹೊಸದು ಕಟ್ಟಿಸೋ ಮುಂಚೆ ಅದನ್ನ ರಿಪೇರಿ ಮಾಡ್ಸಿ.

ಮೂರನೇದು ಮಡಿಕೆ. ಗಿಡದಿಂದ ಒಂದಡಿ ದೂರಕ್ಕೆ ಮಡಿಕೇನ ಕತ್ತಿನ ತನಕ ಹೂತು ನೀರು ತುಂಬಿ ಮುಚ್ಚಳ ಮುಚ್ಚಿ, ನೀರು ನಿಧಾನಕ್ಕೆ ಜಿನುಗಿ ಬೇರಿಗೆ ಹೋಗತ್ತೆ, ಮೇಲೆ ಹಾಕಿದ ನೀರಿನ ಹಂಗೆ ಆವಿ ಆಗಲ್ಲ. ಬಣ್ಣ ಬಳಿದ ಮಡಿಕೆ ಜಿನುಗಲ್ಲ, ಸುಟ್ಟ ಮಣ್ಣಿಂದೇ ಆಗ್ಬೇಕು.

ಏಪ್ರಿಲ್ ಮೇ ರಜೇಲಿ ಶಾಲೆಗೆ ಬೀಗ ಹಾಕಿರ್ತಾರೆ, ಆವಾಗ ಏನ್ಮಾಡೋದು?

ಇಡೀ ಕೆಲಸದ ಜೀವ ಇರೋದು ಇಲ್ಲೇ. ರಜೇಲಿ ಮಕ್ಕಳಿಲ್ಲ, ಕೈ ತೊಳೆದ ನೀರಿಲ್ಲ, ಬಿಸಿಲು ಜೋರು, ದನಗಳಿಗೆ ಹೊಲದಲ್ಲಿ ಮೇವಿಲ್ಲ, ಎಲ್ಲಾ ಒಂದೇ ಸಲ ಬರತ್ತೆ. ಮಾರ್ಚ್‌ನಲ್ಲೇ ಕೂತು ಪಟ್ಟಿ ಮಾಡ್ಕೊಳ್ಳಿ: ಯಾವ ವಾರ ಯಾರು, ಗೇಟಿನ ಕೀ ಯಾರ ಹತ್ರ, ಮೋಟಾರ್ ಸ್ವಿಚ್ ಯಾರು ಹಾಕ್ತಾರೆ, ಹಾಳಾದ್ರೆ ಯಾರಿಗೆ ಫೋನು. ಶಾಲೆ ಎದುರು ಮನೆಯವರು ಒಬ್ರು ಒಪ್ಪಿದ್ರೆ ಬೆಂಗಳೂರಿಂದ ಬರೋ ಹತ್ತು ಜನರಿಗಿಂತ ಅವ್ರು ಜಾಸ್ತಿ. ಆ ಅಜ್ಜಿಗೋ, ಅಣ್ಣಂಗೋ ರಜೆ ಮುಗಿಯೋ ತನಕ ಇಷ್ಟು ಅಂತ ಕೂಲಿ ಕೊಡಿ. ಅವ್ರ ಕೆಲಸಕ್ಕೆ ಬೆಲೆ ಕೊಟ್ಟಂಗೆ ಆಗತ್ತೆ, ಬಿಟ್ಟಿ ಅಂತ ಬಿಟ್ರೆ ಎರಡನೇ ವಾರಕ್ಕೆ ನಿಂತೋಗತ್ತೆ. ದಸರಾ ರಜೆಗೆ ಇಷ್ಟೆಲ್ಲ ಬೇಕಾಗಲ್ಲ, ಮಳೆ ಇರತ್ತೆ.

ಕಾಂಪೌಂಡ್ ಇಲ್ಲ, ಮೇಕೆ ಎಲ್ಲಾ ತಿಂದಾಕ್ತಿವೆ.

ಕಾಂಪೌಂಡಿಗೆ ಎಸ್‌ಡಿಎಂಸಿಯಿಂದ ಗ್ರಾಮ ಪಂಚಾಯ್ತಿಗೆ ಅರ್ಜಿ ಹಾಕ್ಸಿ, ಉದ್ಯೋಗ ಖಾತ್ರಿಯಲ್ಲಿ ಎಷ್ಟೋ ಶಾಲೆಗಳಿಗೆ ಕಾಂಪೌಂಡು, ಮೈದಾನ ಆಗಿದೆ. ಅಲ್ಲಿ ತನಕ ಪ್ರತಿ ಗಿಡಕ್ಕೂ ಬೇರೆ ಬೇಲಿ ಬೇಕು. ಮೂರು ಗೂಟ, ಸುತ್ತ ಜಾಲಿ ಮುಳ್ಳು ಅಗ್ಗ, ಆದ್ರೆ ಮಕ್ಕಳ ಕಾಲಿಗೆ ಚುಚ್ಚತ್ತೆ, ಮೈದಾನದ ಕಡೆ ಬಿದಿರ ತಟ್ಟಿನೋ ಕಬ್ಬಿಣದ ಜಾಲರಿನೋ ಹಾಕಿ. ಗೂಟದ ಬುಡಾನ ತಿಂಗಳಿಗೊಮ್ಮೆ ನೋಡ್ತಿರಿ, ಗೆದ್ದಲು ಮೊದಲು ಒಣ ಗೂಟಕ್ಕೆ ಹತ್ತತ್ತೆ, ತೊಗಟೆ ಮೇಲೆ ಮಣ್ಣಿನ ಗೆರೆ ಕಂಡ ತಕ್ಷಣ ಕೆರೆದು ತೆಗೀರಿ, ಗಿಡಕ್ಕೆ ದಾಟೋಕೆ ಬಿಡ್ಬೇಡಿ. ಮೇಕೆ ಸಾಕಿರೋರ ಮೇಲೆ ಜಗಳಕ್ಕೆ ಹೋಗ್ಬೇಡಿ, ಅವ್ರ ಮಕ್ಕಳೂ ಅದೇ ಶಾಲೇಲಿ ಓದ್ತಿರ್ತಾರೆ. ಆ ಮಗು ಹೆಸರಲ್ಲಿ ಒಂದು ಗಿಡ ಇದ್ರೆ ಮನೆಯವ್ರೇ ಮೇಕೆ ತಡೀತಾರೆ.

## ಕೈತೋಟ

ತರಕಾರಿ ಬೆಳೆದ್ರೆ ಬಿಸಿಯೂಟಕ್ಕೆ ಸಾಕಾಗತ್ತಾ?

ಪೂರ್ತಿ ಸಾಕಾಗಲ್ಲ. ಬಿಸಿಯೂಟದ ನಿಯಮದ ಪ್ರಕಾರ 1ರಿಂದ 5ನೇ ಕ್ಲಾಸಿನ ಮಗುಗೆ ದಿನಕ್ಕೆ 50 ಗ್ರಾಂ ತರಕಾರಿ, 6ರಿಂದ 8ಕ್ಕೆ 75 ಗ್ರಾಂ. 60 ಚಿಕ್ಕ ಮಕ್ಕಳಿದ್ರೆ ದಿನಕ್ಕೆ ಮೂರು ಕೆಜಿ ಬೇಕು, ನಾಲ್ಕು ಮಡಿ ಇಟ್ಕೊಂಡು ಇದನ್ನ ದಿನಾ ಕೊಡೋಕಾಗಲ್ಲ. ಆದ್ರೆ ವಾರಕ್ಕೆ ಎರಡು ದಿನ ಸಾರಿಗೆ ಸೊಪ್ಪು, ದಿನಾ ಕರಿಬೇವು, ಆಗಾಗ ನುಗ್ಗೆಸೊಪ್ಪು, ಪರಂಗಿಹಣ್ಣು, ಇಷ್ಟು ಖಂಡಿತ ಆಗತ್ತೆ. ಪೇಟೆಯಿಂದ ತರೋ ಬಾಡಿದ ಸೊಪ್ಪಿಗೂ ಬೆಳಿಗ್ಗೆ ಕೊಯ್ದಿದ್ದಕ್ಕೂ ವ್ಯತ್ಯಾಸ ಅಡುಗೆ ಅಕ್ಕಂದಿರನ್ನ ಕೇಳಿ.

ಜೂನಲ್ಲಿ ಹರಿವೆ ದಂಟು ಚೆಲ್ಲಿದ್ರೆ 25, 30 ದಿನಕ್ಕೆ ಕೈಗೆ ಬರತ್ತೆ, ಮಕ್ಕಳಿಗೆ ಮೊದಲ ಬೆಳೆ ಬೇಗ ಕಾಣ್ಬೇಕು, ಅದಕ್ಕೆ ಇದ್ರಿಂದಾನೇ ಶುರು ಮಾಡಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ಹರಿವೆನ ಕೊಯ್ದಷ್ಟೂ ಚಿಗುರ್ಸಬಹುದು. ಬೆಂಡೆ 45, 50 ದಿನ, ಅರ್ಕಾ ಅನಾಮಿಕಾ ಚೆನ್ನಾಗಿ ಬರತ್ತೆ. ಬಸಳೆ, ತೊಂಡೆ ಬೇಲಿ ಮೇಲೆ ಹಬ್ಬಿಸ್ಬಿಡಿ. ಏನು ನೆಡ್ಬೇಕು ಅಂತ ಅಡುಗೆ ಅಕ್ಕಂದಿರನ್ನೇ ಮೊದಲು ಕೇಳಿ, ಅವ್ರಿಗೆ ಬೇಡದ್ದು ಬೆಳೆದ್ರೆ ಮಡೀಲೇ ಬಲಿತು ಹೋಗತ್ತೆ. 2019ರಲ್ಲಿ ಕೇಂದ್ರ ಸರ್ಕಾರ ಶಾಲಾ ಪೌಷ್ಟಿಕ ತೋಟಕ್ಕೆ ಮಾರ್ಗಸೂಚಿನೇ ಹೊರಡ್ಸಿದೆ, ಹೆಡ್‌ಮಾಸ್ಟರು ಹಿಂದೆ ಮುಂದೆ ನೋಡಿದ್ರೆ ಅದನ್ನ ತೋರ್ಸಿ.

ಕರಿಬೇವು, ನಿಂಬೆ ಎಲೇನೆಲ್ಲ ಹುಳ ತಿಂತಿದೆ, ಯಾವ ಔಷಧಿ ಹೊಡೀಲಿ?

ಯಾವ್ದೂ ಹೊಡೀಬೇಡಿ, ಶಾಲೆ ಆವರಣದೊಳಗೆ ಕೀಟನಾಶಕದ ಡಬ್ಬಿನೇ ಬರಬಾರ್ದು. ಎಲೆ ಮೇಲೆ ಹಕ್ಕಿ ಹಿಕ್ಕೆ ತರ ಕಂದು ಬಿಳಿ ಅಂಟ್ಕೊಂಡಿದ್ರೆ ಹತ್ರ ಹೋಗಿ ನೋಡಿ, ಅದು ಚಿಟ್ಟೆ ಮರಿಹುಳ, ಕೆಲವು ದಿನದಲ್ಲಿ ಎಲೆ ಬಣ್ಣಕ್ಕೇ ತಿರುಗಿ ದಪ್ಪಗಾಗತ್ತೆ, ಮುಟ್ಟಿದ್ರೆ ತಲೆ ಹಿಂದಿಂದ ಕವಲೊಡೆದ ಕೆಂಪು ಕೊಂಬು ಹೊರಗೆ ಹಾಕಿ ಒಂಥರಾ ವಾಸನೆ ಬಿಡತ್ತೆ. ಮಕ್ಕಳು ಇದನ್ನ ಒಂದ್ಸಲ ನೋಡಿದ್ರೆ ಆಮೇಲೆ ಅವ್ರನ್ನ ಗಿಡದ ಹತ್ರದಿಂದ ಎಬ್ಸೋದೇ ಕಷ್ಟ. ಒಂದು ಗಿಡ ಅಡುಗೆಗೆ, ಒಂದು ಗಿಡ ಚಿಟ್ಟೆಗೆ ಅಂತ ಬಿಡಿ, ಅಡುಗೆ ಗಿಡದ ಹುಳಾನ ಎಲೆ ಸಮೇತ ಎತ್ತಿ ಆ ಕಡೆ ಇಡಿ. ಸಸ್ಯಹೇನು, ಬಿಳಿ ನೊಣ ಜಾಸ್ತಿ ಆದ್ರೆ ಬೇವಿನೆಣ್ಣೆ ಲೀಟರಿಗೆ ಐದು ಎಂಎಲ್, ಸ್ವಲ್ಪ ಸೋಪಿನ ನೀರು ಸೇರ್ಸಿ ಸಂಜೆ ಮಕ್ಕಳು ಹೋದ್ಮೇಲೆ ಹೊಡೀರಿ.

ಜೀವಾಮೃತ ಶಾಲೇಲೇ ಮಾಡಬಹುದಾ?

ಮಾಡಬಹುದು. 200 ಲೀಟರ್ ಡ್ರಮ್ಮಿಗೆ 10 ಕೆಜಿ ನಾಟಿ ಹಸು ಸಗಣಿ, 5ರಿಂದ 10 ಲೀಟರ್ ಗಂಜಲ, ಎರಡು ಕೆಜಿ ಬೆಲ್ಲ, ಎರಡು ಕೆಜಿ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು, ನೆರಳಲ್ಲಿಟ್ಟು ದಿನಕ್ಕೆರಡು ಸಲ ತಿರುಗಿಸ್ತಾ ಮೂರನೇ ದಿನದಿಂದ ಬಳಸಿ. 25 ಗಿಡಕ್ಕೆ ಇದರ ಕಾಲು ಭಾಗ ಸಾಕು. ಡ್ರಮ್ಮಿಗೆ ಭದ್ರವಾದ ಮುಚ್ಚಳ ಇರ್ಲಿ, ಅಡುಗೆ ಮನೆಯಿಂದ ದೂರ ಇರ್ಲಿ, ಮಕ್ಕಳು ಮುಟ್ಟಿದ್ರೆ ಸೋಪಲ್ಲಿ ಕೈ ತೊಳೀಬೇಕು, ಹಸಿಯಾಗಿ ತಿನ್ನೋ ಸೊಪ್ಪಿನ ಮೇಲೆ ಎರಚೋದು ಬೇಡ.

## ಮಕ್ಕಳು, ಮೇಷ್ಟ್ರು, ಊರು

ಮಕ್ಕಳ ಕೈಲಿ ಕೂಲಿ ಕೆಲಸ ಮಾಡಿಸ್ತೀರ ಅಂತ ಪೇರೆಂಟ್ಸ್ ಗಲಾಟೆ ಮಾಡ್ತಾರೆ, ಏನು ಹೇಳೋದು?

ಅವ್ರ ಆತಂಕದಲ್ಲಿ ನ್ಯಾಯ ಇದೆ. ಬಡವರ ಮಕ್ಕಳಿಗೆ ಮಾತ್ರ ಗುದ್ದಲಿ ಕೊಟ್ಟು, ಉಳ್ಳವರ ಮಕ್ಕಳು ಓದ್ತಾ ಕೂರೋದನ್ನ ಕಂಡಿರೋ ಜನ ಅವ್ರು. ಹಾಗಾಗಿ ಗುಂಡಿ ತೆಗೆಯೋದು, ಗೊಬ್ಬರ ಹೊರೋದು, ಕೊಂಬೆ ಕಡಿಯೋದು, ಮುಳ್ಳು ಕಟ್ಟೋದು ಇವೆಲ್ಲ ದೊಡ್ಡವರ ಕೆಲಸ. ಮಕ್ಕಳಿಗೆ ಬೀಜ ಹಾಕೋದು, ಸಣ್ಣ ಚೆಂಬಲ್ಲಿ ನೀರು, ಗಿಡ ಎಷ್ಟು ಬೆಳೀತು ಅಂತ ಅಳೆದು ಬರಿಯೋದು, ಇಷ್ಟೇ, ಅದೂ ಇಷ್ಟ ಇದ್ದೋರಿಗೆ, ಅರ್ಧ ಗಂಟೆ ಮೇಲೆ ಬೇಡ. ಜಾತಿ ನೋಡಿ, ಗಂಡು ಹೆಣ್ಣು ನೋಡಿ ಕೆಲಸ ಹಂಚಬಾರದು, ಶಿಕ್ಷೆಯಾಗಿ ಗಿಡಕ್ಕೆ ನೀರು ಹಾಕ್ಸೋದಂತೂ ಬೇಡವೇ ಬೇಡ. ಗಣಿತದ ಮೇಷ್ಟ್ರು ಮಡಿ ವಿಸ್ತೀರ್ಣ ಲೆಕ್ಕ ಹಾಕ್ಸಿದ್ರೆ, ವಿಜ್ಞಾನದ ಟೀಚರ್ ಎಲೆ ತೋರ್ಸಿದ್ರೆ ಪೇರೆಂಟ್ಸ್‌ಗೂ ಇದು ಪಾಠ ಅಂತ ಕಾಣತ್ತೆ.

ಗಿಡ ಬೆಳೆದ್ರೆ ಹಾವು ಬರತ್ತೆ ಅಂತ ಟೀಚರ್ಸ್ ಬೇಡ ಅಂತಿದಾರೆ.

ಹಾವು ಬರೋದು ಇಲಿಗೆ, ಇಲಿ ಬರೋದು ಚೆಲ್ಲಿದ ಅನ್ನಕ್ಕೆ, ಕಲ್ಲು ಕಟ್ಟಿಗೆ ರಾಶಿಗೆ. ಕ್ಲಾಸ್‌ರೂಮ್ ಸುತ್ತ ಹತ್ತಡಿ ಹುಲ್ಲು ಕೊಯ್ದು ಬಯಲಾಗಿಡಿ, ಕಾಂಪೋಸ್ಟ್ ಗುಂಡಿ, ಸೌದೆ, ಹಳೇ ಹೆಂಚು ಕಟ್ಟಡದಿಂದ ದೂರ ಇರ್ಲಿ, ತರಗೆಲೆ ರಾಶಿಗೆ ಬರೀ ಕೈ ಹಾಕ್ಬೇಡಿ, ಕೊಳಕುಮಂಡಲ ಎಲೆ ಮಧ್ಯೆ ಕೂತ್ರೆ ಕಾಣೋದೇ ಇಲ್ಲ. ಹಾವು ಕಂಡ್ರೆ ಹೊಡೀಬೇಡಿ, ಮಕ್ಕಳನ್ನ ದೂರ ಕಳಿಸಿ ಹಿಡಿಯೋಕೆ ತರಬೇತಿ ಆದೋರನ್ನ ಕರೀರಿ. ಯಾರಿಗಾದ್ರೂ ಕಚ್ಚಿದ್ರೆ ಬಿಗಿಯಾಗಿ ಕಟ್ಟೋದು, ಕುಯ್ಯೋದು, ನಾಟಿ ಔಷಧಿ ಯಾವ್ದೂ ಬೇಡ, ಅಲ್ಲಾಡಿಸದೆ ಮಲಗಿಸಿ 108ಕ್ಕೆ ಫೋನ್ ಮಾಡಿ ಸೀದಾ ಆಸ್ಪತ್ರೆಗೆ.

ಗಿಡ ಅಂದ್ರೆ ಪ್ರಾಣ ಬಿಡ್ತಿದ್ದ ಎಚ್‌ಎಂ (ಹೆಡ್‌ಮಾಸ್ಟರು) ಟ್ರಾನ್ಸ್‌ಫರ್ ಆದ್ರು, ಹೊಸಬ್ರಿಗೆ ಆಸಕ್ತಿ ಇಲ್ಲ.

ಸರ್ಕಾರಿ ಶಾಲೇಲಿ ಇದು ಆಗೇ ಆಗತ್ತೆ, ಅದಕ್ಕೆ ಮೊದಲ ದಿನದಿಂದ ಒಬ್ರ ಮೇಲೆ ನಿಲ್ಲಿಸ್ಬೇಡಿ. ಎಸ್‌ಡಿಎಂಸಿಯಿಂದ ಇಬ್ರು, ಒಬ್ರು ಟೀಚರ್, ಹಳೇ ವಿದ್ಯಾರ್ಥಿಗಳಿಂದ ಇಬ್ರು, ಅಡುಗೆಯವ್ರು ಒಬ್ರು, ಇಷ್ಟು ಜನ ಇದ್ರೆ ಒಬ್ರು ಹೋದ್ರೂ ನಡಿಯತ್ತೆ. ಯಾವ ಗಿಡ ಎಲ್ಲಿ, ಯಾವಾಗ ನೆಟ್ಟಿದ್ದು, ಪೈಪ್ ಎಲ್ಲಿ ಹೂತಿದೆ ಅನ್ನೋ ಒಂದು ನೋಟ್‌ಬುಕ್ ಶಾಲೆ ಬೀರುವಲ್ಲೇ ಇರ್ಲಿ. ಹೊಸ ಎಚ್‌ಎಂ ಬಂದ ವಾರವೇ ಹೋಗಿ ಪರಿಚಯ ಮಾಡ್ಕೊಳ್ಳಿ, ಅವ್ರಿಗೆ ಬೇಕಾಗಿರೋದು ಹೆಚ್ಚುವರಿ ತಲೆನೋವು ಇಲ್ಲ ಅನ್ನೋ ಭರವಸೆ.

## ಸ್ವಲ್ಪ ಮುಂದಕ್ಕೆ ಹೋದೋರಿಗೆ

ಒಂದು ಕಂಪನಿಯವ್ರು ಮಿಯಾವಾಕಿ ಕಾಡು ಮಾಡ್ಕೊಡ್ತೀವಿ ಅಂತಿದಾರೆ, ಒಪ್ಕೊಳ್ಳಾ?

ಜಪಾನಿನ ಅಕಿರಾ ಮಿಯಾವಾಕಿ ಅನ್ನೋ ಸಸ್ಯ ವಿಜ್ಞಾನಿಯ ಪದ್ಧತಿ ಇದು, ಮಣ್ಣನ್ನ ಮೂರಡಿ ತನಕ ಅಗೆದು ಗೊಬ್ಬರ ಸೇರ್ಸಿ, ಚದರ ಮೀಟರಿಗೆ ಮೂರರಿಂದ ಐದು ಸ್ಥಳೀಯ ಗಿಡ ಒತ್ತೊತ್ತಾಗಿ ಹಾಕೋದು. ಬೇಗ ದಟ್ಟ ಆಗೋದು ನಿಜ. ಆದ್ರೆ 100 ಚದರ ಮೀಟರಿಗೇ 300 ಗಿಡಕ್ಕೂ ಮೇಲೆ, ಎರಡು ಮೂರು ವರ್ಷ ನೀರು, ಕಳೆ ನೋಡ್ಕೊಳ್ಳೇಬೇಕು. ಮಕ್ಕಳು ಒಳಗೆ ಹೋಗಿ ಕೂರೋಕಾಗಲ್ಲ. ನನ್ನ ಕೇಳಿದ್ರೆ ಶಾಲೆಗೆ ಬೇಕಾಗಿರೋದು ಕೆಳಗೆ ಕೂತು ಊಟ ಮಾಡೋ ಮರ. ಜಾಗ ತುಂಬಾ ಇದ್ದು, ಮೂರು ವರ್ಷದ ನಿರ್ವಹಣೆ ದುಡ್ಡು, ಆಳು ಎರಡನ್ನೂ ಬರವಣಿಗೇಲಿ ಕೊಟ್ರೆ ಒಂದು ಮೂಲೇಲಿ ಮಾಡ್ಸಿ. ಗಿಡದ ಪಟ್ಟಿ ಮೊದಲೇ ಕೇಳಿ ಇಸ್ಕೊಳ್ಳಿ, ನಮ್ಮ ಸೀಮೆ ಗಿಡ ಅಲ್ದಿದ್ರೆ ಬದಲಾಯಿಸೋಕೆ ಹೇಳಿ.

ನಮ್ದು ಬೆಂಗಳೂರು, ಶಾಲೇಲಿ ಮಣ್ಣೇ ಇಲ್ಲ, ಎಲ್ಲಾ ಕಾಂಕ್ರೀಟು.

ಒಂದೆರಡು ಕಡೆ ನಾಲ್ಕಡಿ ಚೌಕ ಕಾಂಕ್ರೀಟ್ ಒಡೆಸೋಕೆ ಒಪ್ಪಿಗೆ ತಗೊಂಡು ಹೊಂಗೆ ಹಾಕಿ, ಕೆಳಗೆ ಪೈಪು ಕೇಬಲ್ ಇದೆಯಾ ಅಂತ ನೋಡ್ಕೊಂಡು. ಉಳಿದದ್ದು ಗ್ರೋ ಬ್ಯಾಗಲ್ಲಿ ಸೊಪ್ಪು, ಗೋಡೆಗೆ ಬಸಳೆ. ಚಾವಣಿ ಮೇಲೆ ಭಾರ ಇಡೋ ಮುಂಚೆ ಇಂಜಿನಿಯರ್ ಹತ್ರ ತೋರ್ಸಿ, ಹಳೇ ಕಟ್ಟಡ ಆದ್ರೆ ಬೇಡ.

ಹೊಸ ಕೊಠಡಿ ಕಟ್ಟೋಕೆ ಅಂಗಳದ ಹಳೇ ಮರ ಕಡೀಬೇಕು ಅಂತಿದಾರೆ, ತಡೆಯೋಕಾಗತ್ತಾ?

1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ ಪ್ರಕಾರ ವೃಕ್ಷಾಧಿಕಾರಿ (ಮರ ಕಡಿಯೋಕೆ ಅನುಮತಿ ಕೊಡೋ ಅರಣ್ಯ ಅಧಿಕಾರಿ) ಅನುಮತಿ ಇಲ್ದೆ ಮರ ಕಡಿಯೋ ಹಾಗಿಲ್ಲ, ನೀಲಗಿರಿ, ಸಿಲ್ವರ್ ಓಕ್, ತೆಂಗು ತರದ ಕೆಲವಕ್ಕೆ ವಿನಾಯ್ತಿ ಇದೆ. ಎಸ್‌ಡಿಎಂಸಿ ಸಭೇಲಿ ಮೊದಲು ಕಟ್ಟಡದ ನಕ್ಷೆ ಕೇಳಿ. ಎಷ್ಟೋ ಸಲ ಕೊಠಡಿನ ಹತ್ತಡಿ ಆ ಕಡೆ ಸರಿಸಿದ್ರೆ ಮರ ಉಳಿಯತ್ತೆ, ಪಾಯ ಹಾಕೋ ಮುಂಚೆ ಇಂಜಿನಿಯರ್ ಇದನ್ನ ಒಪ್ತಾರೆ, ಗುರುತು ಹಾಕಿ ಅಗೆದ್ಮೇಲೆ ಒಪ್ಪಲ್ಲ. ಅದಕ್ಕೆ ಅನುದಾನ ಮಂಜೂರಾಯ್ತು ಅಂತ ಗೊತ್ತಾದ ವಾರವೇ ಹೋಗಿ, ಟೇಪ್ ಹಿಡ್ಕೊಂಡು ಅಳೆದು, ಮರದ ಸುತ್ತಳತೆ, ಗೋಡೆಯಿಂದ ದೂರ ಬರ್ದು ಫೋಟೋ ಸಮೇತ ಹೆಡ್‌ಮಾಸ್ಟರಿಗೂ ಇಂಜಿನಿಯರಿಗೂ ಒಂದೊಂದು ಕಾಪಿ ಕೊಡಿ. ಕಡಿಯಲೇಬೇಕು ಅಂತಾದ್ರೆ ವೃಕ್ಷಾಧಿಕಾರಿ ಆದೇಶದ ಕಾಪಿ ಇಸ್ಕೊಳ್ಳಿ, ಬದಲಿಗೆ ಎಷ್ಟು ಸಸಿ, ಎಲ್ಲಿ, ಯಾರು ನೀರು ಹಾಕೋದು ಅನ್ನೋದನ್ನ ಅದೇ ಸಭೆಯ ನಡಾವಳೀಲಿ ಬರ್ಸಿ.